ಡೈವ್ ವಾಚ್: ಒಂದೇ ಕಡೆ ತಿರುಗುವ ಬೆಜೆಲ್, ಗಾಜಿನೊಳಗೆ ಮಂಜು

ನಿಮ್ಮ ಡೈವ್ ವಾಚಿನ (ನೀರಿನಡಿ ಇಳಿಯುವವರ ಕೈಗಡಿಯಾರ) ಬೆಜೆಲ್ ಒಂದೇ ಕಡೆ ತಿರುಗುತ್ತದೆ, ಬ್ಯಾಟರಿ ಬದಲಿಸಿದ ಮೇಲೆ ಗಾಜಿನೊಳಗೆ ಮಂಜು ಕಟ್ಟುತ್ತಿದೆ ಎಂದು ಕೇಳಿದ್ದೀರಿ. ಬೆಜೆಲ್ ಅಂದರೆ ಗಾಜಿನ ಸುತ್ತಲಿನ ಉಂಗುರ, ಡೈವ್ ಶುರುವಾದ ಹೊತ್ತನ್ನು ಗುರುತಿಸಿಕೊಳ್ಳಲು ತಿರುಗಿಸುವುದು. ಅದು ಎಡಕ್ಕಷ್ಟೇ ತಿರುಗುವುದು ದೋಷವಲ್ಲ, ಬೇಕೆಂದೇ ಹಾಗೆ ಮಾಡಿರುತ್ತಾರೆ. ನೀರಿನಡಿ ಏನಾದರೂ ತಾಗಿ ಸರಿದರೂ ಕಳೆದ ಸಮಯವನ್ನು ಹೆಚ್ಚಾಗಿಯೇ ತೋರಿಸುತ್ತದೆ, ಡೈವರ್ ಬೇಗ ಮೇಲೆ ಬರುತ್ತಾರೆ.

ಬ್ಯಾಟರಿ ಬದಲಿಸಿದ ಮೇಲೆ ಗಾಜಿನೊಳಗೆ ಮಂಜು ಕಟ್ಟುತ್ತಿದೆ ಅಂದಿರಲ್ಲ, ಚಿಂತಿಸಬೇಕಾದ್ದು ಅದಕ್ಕೇ. ಹಿಂಬದಿ ಮುಚ್ಚಳದಲ್ಲಿ ನೀರು ತಡೆಯುವ ರಬ್ಬರ್ ಗ್ಯಾಸ್ಕೆಟ್ (ಬಳೆ) ಮಡಚಿಕೊಂಡಿರಬಹುದು, ಅದರಡಿ ಒಂದು ಕೂದಲೆಳೆ ಸಿಕ್ಕಿದ್ದರೂ ತೇವ ನುಗ್ಗಲು ಸಾಕು. ಆಗ ನೀರು ತಡೆಯುತ್ತದೆಂದು ವಾಚಿನ ಮೇಲಿರುವ 200 ಮೀಟರ್ ಎಂಬ ಬರಹಕ್ಕೆ ಬೆಲೆಯಿಲ್ಲ. ಗ್ಯಾಸ್ಕೆಟ್ ಹೊಸದು ಹಾಕಿಸಿ, ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿಸಿ, ಪ್ರೆಶರ್ ಟೆಸ್ಟ್ (ಒತ್ತಡ ಕೊಟ್ಟು ಸೋರುತ್ತದೆಯೇ ಎಂಬ ಪರೀಕ್ಷೆ) ಮಾಡಿಸದೆ ನೀರಿಗಿಳಿಯಬೇಡಿ. ಬಿಸಿಲಿಗಿಟ್ಟರೆ ಮಂಜು ಮರೆಯಾಗುತ್ತದೆ ಅಷ್ಟೇ, ತೇವ ಒಳಗೇ ಉಳಿದು ವಾಚನ್ನು ನಡೆಸುವ ಯಂತ್ರವಾದ ಮೂವ್‌ಮೆಂಟ್ ತುಕ್ಕು ಹಿಡಿಯುತ್ತದೆ.

ಸ್ಕ್ರೂ ಕ್ರೌನನ್ನೂ (ವಾಚಿನ ಬದಿಯಲ್ಲಿ ತಿರುಗಿಸಿ ಬಿಗಿಯುವ ಗುಂಡಿ) ನೋಡಿ. ಮುಚ್ಚುವಾಗ ಮೆಲ್ಲಗೆ ಒತ್ತಿ ಮೊದಲು ಹಿಂದಕ್ಕೆ ತಿರುಗಿಸಿ, ಥ್ರೆಡ್ (ತಿರುಪಿನ ಸುತ್ತು) ‘ಟಕ್’ ಎಂದು ಕೂತ ಮೇಲೆ ಮುಂದಕ್ಕೆ ಬಿಗಿಯಿರಿ. ಅಡ್ಡಕ್ಕೆ ಕೂತದ್ದನ್ನು ಬಲವಂತವಾಗಿ ತಿರುಗಿಸಿದರೆ ಥ್ರೆಡ್ಡೇ ಹಾಳು.