ಇಂಜಿನ್ ಲೈಟ್‌ಗೆ (ಡ್ಯಾಶ್‌ಬೋರ್ಡಲ್ಲಿ ಬರೋ ದೋಷದ ದೀಪ) ಮನೇಲೇ ಸ್ಕ್ಯಾನರ್ ಬೇಕಾ ಅಂತ ಕೇಳಿದ್ದಕ್ಕೆ
ಸಾರ್, ಖಂಡಿತ ತಗೊಳ್ಳಿ. ನಿಮ್ಮದು 2016ರ ಪೆಟ್ರೋಲ್ ಗಾಡಿ ಅಂದ್ರಲ್ಲ, ಸ್ಟೇರಿಂಗ್ ಕೆಳಗೆ 16 ಪಿನ್ನಿನ ಓಬಿಡಿ ಸಾಕೆಟ್ (ಗಾಡಿ ಕಂಪ್ಯೂಟರ್ ಕಂಡ ದೋಷ ಓದೋ ಜಾಗ) ಇರುತ್ತೆ, ಬ್ಲೂಟೂತ್ ಡಾಂಗಲ್ ಚುಚ್ಚಿ ಫೋನಲ್ಲೇ ದೋಷದ ಕೋಡ್ ನೋಡ್ಬಹುದು. ಆದ್ರೆ ಕೋಡ್ ಹೇಳೋದು ಲಕ್ಷಣ ಅಷ್ಟೇ, ಯಾವ ಪಾರ್ಟ್ ಹೋಗಿದೆ ಅಂತಲ್ಲ. ಹೋದ ಮಳೆಗಾಲದಲ್ಲಿ ಶ್ರೀರಂಗಪಟ್ಟಣ ದಾಟ್ತಿದ್ದಂಗೆ ನನ್ ಗಾಡಿ ಜರ್ಕ್ ಹೊಡೆದು ಲೈಟ್ ಬಂತು, ಪಿ0302, ಅಂದ್ರೆ ಎರಡನೇ ಸಿಲಿಂಡರ್ ಮಿಸ್‌ಫೈರ್ (ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರೀತಿಲ್ಲ ಅಂತ), ಮನೆಗೆ ತಂದು ಇಂಜಿನ್ ತಣ್ಣಗಾದ್ಮೇಲೆ ಕಿಡಿಗೆ ಕರೆಂಟ್ ಕೊಡೋ ಕಾಯಿಲ್‌ಗಳಲ್ಲಿ ಎರಡನೇ ಸಿಲಿಂಡರಿಂದನ್ನೂ ಮೂರನೇದರದ್ದನ್ನೂ ಅದಲು ಬದಲು ಮಾಡಿ ಕೋಡ್ ಅಳಿಸಿ ಒಂದು ರೌಂಡ್ ಹೋಗಿ ಬಂದ್ರೆ ಪಿ0303 ತೋರಿಸ್ತು, ಅಂದ್ರೆ ಕಾಯಿಲ್ ಜೊತೆಗೇ ತೊಂದ್ರೇನೂ ಮೂರನೇ ಸಿಲಿಂಡರಿಗೆ ಹೋಯ್ತು, ಕಾಯಿಲೇ ಹೋಗಿರೋದು ಅಂತ ಗೊತ್ತಾಯ್ತು, ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಬಿಚ್ಚೋ ಕೆಲಸ ತಪ್ತು. ಲೈಟ್ ಮಿಣುಕ್ತಾ ಇದ್ರೆ ಮಾತ್ರ ದಯವಿಟ್ಟು ಓಡಿಸ್ಬೇಡಿ, ಉರೀದೇ ಉಳಿದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತೆ. ಇನ್ನೊಂದು, ಅಳಿಸೋಕೆ ಮುಂಚೆ ಕೋಡ್‌ದು ಒಂದು ಫೋಟೋ ಹೊಡ್ಕೊಳ್ಳಿ.