ಎರಡು ಹೊತ್ತಿನ ನಿದ್ದೆ ಒಂದಾಗುವ ತಿಂಗಳು

ಪ್ರಶ್ನೆ: ಡಾಕ್ಟರ್ ಮೇಡಂ, ನಮಸ್ಕಾರ. ನಮ್ಮದು ಸೋಮವಾರಪೇಟೆ ಕಡೆಯ ಕಾಫಿ ತೋಟದ ಮನೆ. ನನ್ನ ಮಗನಿಗೆ 15 ತಿಂಗಳು ತುಂಬಿದೆ. ಬೆಳಿಗ್ಗೆ 6.30ಕ್ಕೆ ಏಳುತ್ತಾನೆ. ಇಷ್ಟು ದಿನ 9 ಗಂಟೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದರೆ 9.30ಕ್ಕೆ ಮಲಗಿ 11 ಗಂಟೆಗೆ ಏಳುತ್ತಿದ್ದ. ಮತ್ತೆ ಮಧ್ಯಾಹ್ನ 3 ಗಂಟೆಗೆ ಮಲಗುತ್ತಿದ್ದ. ಮೂರು ವಾರಗಳಿಂದ ಮಧ್ಯಾಹ್ನ ಜೋಲಿಯಲ್ಲಿ ಹಾಕಿ ಎಷ್ಟು ತೂಗಿದರೂ ಎದ್ದು ಕೂರುತ್ತಾನೆ. ಸಂಜೆ 5ರ ಹೊತ್ತಿಗೆ, ನಾವು ಕಣದಲ್ಲಿ ಕಾಫಿ ರಾಶಿ ಮಾಡುವಾಗ, ಯಾರದಾದರೂ ಹೆಗಲ ಮೇಲೆ ನಿದ್ದೆ ಹೋಗಿ ಒಂದು ಗಂಟೆ ಮಲಗುತ್ತಾನೆ. ಆಮೇಲೆ ರಾತ್ರಿ 10.30 ಆದರೂ ಕಣ್ಣು ಮುಚ್ಚುವುದಿಲ್ಲ. ಸಂಜೆ ಮಲಗಲು ಬಿಡದಿದ್ದರೆ 6 ಗಂಟೆಯಿಂದಲೇ ರಂಪ. ಎರಡು ಹೊತ್ತು ಮಲಗದ ಮಗು ಮೈ ಹಿಡಿಯುವುದಿಲ್ಲ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಬೆಳಗಿನ ನಿದ್ದೆಯನ್ನು ಒಂದೇ ದಿನದಲ್ಲಿ ನಿಲ್ಲಿಸಿಬಿಡು ಎಂದು ಮೈಸೂರಿನಲ್ಲಿರುವ ನನ್ನ ಅಕ್ಕ ಹೇಳುತ್ತಾಳೆ. ಯಾರ ಮಾತು ಕೇಳಲಿ? ಅರೇಬಿಕಾ ಕೊಯ್ಲು ನಡೆಯುತ್ತಿರುವುದರಿಂದ ಹಗಲೆಲ್ಲ ನನಗೂ ಕಣದ ಕೆಲಸವಿದೆ.
— ಒಬ್ಬ ತಾಯಿ, ಸೋಮವಾರಪೇಟೆ ತಾಲ್ಲೂಕು

ಉತ್ತರ: ನಿಮ್ಮ ಮಗನಿಗೆ ಯಾವ ತೊಂದರೆಯೂ ಇದ್ದಂತೆ ಕಾಣುವುದಿಲ್ಲ. ಹೆಚ್ಚಿನ ಮಕ್ಕಳು 13ರಿಂದ 18 ತಿಂಗಳ ನಡುವೆ ಹಗಲಿನ ಎರಡು ನಿದ್ದೆಗಳನ್ನು ಬಿಟ್ಟು ಒಂದಕ್ಕೆ ಬರುತ್ತಾರೆ, ಅವನೂ ಆ ದಾರಿಯಲ್ಲಿದ್ದಾನೆ. ಆದರೆ ದಾರಿಯ ನಡುವೆ ನಿಂತಿದ್ದಾನೆ: ಎರಡು ನಿದ್ದೆ ಅವನಿಗೆ ಹೆಚ್ಚು, ಒಂದು ಇನ್ನೂ ಸಾಲದು. ಈ ಕೆಲವು ವಾರಗಳು ಮನೆಯವರಿಗೆಲ್ಲ ಕಷ್ಟದವು, ಅದರಲ್ಲೂ ಕೊಯ್ಲಿನ ಕಾಲದಲ್ಲಿ.

ಮೊದಲು ಗಂಟೆಗಳನ್ನು ಕೂಡಿಸೋಣ. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲು ರಾತ್ರಿ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಿಮ್ಮ ಮಗನಿಗೆ ಈಗ ರಾತ್ರಿ 8 ಗಂಟೆ, ಬೆಳಿಗ್ಗೆ ಒಂದೂವರೆ, ಸಂಜೆ ಒಂದು, ಒಟ್ಟು ಹತ್ತೂವರೆ ಗಂಟೆ ನಿದ್ದೆ ಸಿಗುತ್ತಿದೆ. ಅವನು ದಿನಕ್ಕೆ ಎರಡು ಸಲ ಮಲಗುತ್ತಿದ್ದರೂ ಒಟ್ಟು ನಿದ್ದೆ ಕಡಿಮೆಯೇ ಆಗಿದೆ. ಮಗುವಿಗೆ ನಿದ್ದೆ ಸಾಲದೇ ಹೋದೀತು ಎಂಬ ಅತ್ತೆಯವರ ಆತಂಕ ಸರಿಯಾದದ್ದು. ಅದಕ್ಕೆ ಪರಿಹಾರ ಮಾತ್ರ ಎರಡನೆಯ ಹೊತ್ತಿನ ನಿದ್ದೆಯಲ್ಲಿಲ್ಲ, ಬೇಗ ಮಲಗುವ ರಾತ್ರಿಯಲ್ಲಿದೆ. ಈ ಲೆಕ್ಕವನ್ನು ಅವರ ಮುಂದೆಯೇ ಕೂತು ಕೂಡಿಸಿ ತೋರಿಸಿದರೆ ಅವರು ನಿಮ್ಮ ಜೊತೆಗೆ ನಿಲ್ಲುತ್ತಾರೆಂದು ನಾನು ನಂಬುತ್ತೇನೆ. ಹಗಲಲ್ಲಿ ಮಗುವನ್ನು ನೋಡಿಕೊಳ್ಳುವವರು ಅವರೇ ಆಗಿದ್ದರೆ ಅವರ ಒಪ್ಪಿಗೆಯಿಲ್ಲದೆ ಇದು ನಡೆಯುವ ಕೆಲಸವೂ ಅಲ್ಲ.

ಮಧ್ಯಾಹ್ನ 3ಕ್ಕೆ ಬಾರದ ನಿದ್ದೆ 5ಕ್ಕೆ ಹೇಗೆ ಬರುತ್ತದೆ ಎಂಬುದನ್ನು ಅರಿತರೆ ಮುಂದಿನದು ಸುಲಭ. ಎಚ್ಚರವಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸ್ವಲ್ಪಸ್ವಲ್ಪವೇ ಸೇರುತ್ತಾ ಹೋಗುತ್ತದೆ. ಅದು ಸಾಕಷ್ಟು ಸೇರಿದಾಗ ಕಣ್ಣು ಎಳೆಯುತ್ತದೆ, ಮಲಗಿದಾಗ ಅದು ಇಳಿಯುತ್ತದೆ. ಎಳೆಗೂಸಿಗೆ ಒಂದೆರಡು ಗಂಟೆಯಲ್ಲೇ ನಿದ್ದೆ ಒತ್ತರಿಸಿಕೊಂಡು ಬರುತ್ತದೆ, ಮಗು ಬೆಳೆದಂತೆ ಎಚ್ಚರವಾಗಿರುವ ಶಕ್ತಿಯೂ ಬೆಳೆದು ಒಂದೂಕಾಲು ವರ್ಷದ ಹೊತ್ತಿಗೆ ನಾಲ್ಕರಿಂದ ಐದು ಗಂಟೆ ತಡೆಯುತ್ತದೆ. ಬೆಳಿಗ್ಗೆ 11ಕ್ಕೆ ಎದ್ದ ನಿಮ್ಮ ಮಗನಿಗೆ 3 ಗಂಟೆಗೆ ಇನ್ನೂ ನಿದ್ದೆಯ ಹಸಿವು ಹುಟ್ಟಿರುವುದಿಲ್ಲ, 5ಕ್ಕೆ ತಡೆಯಲಾರದಷ್ಟು ಹುಟ್ಟಿರುತ್ತದೆ. ಆಗ ಒಂದು ಗಂಟೆ ಮಲಗಿ ಆ ಹಸಿವನ್ನು ತೀರಿಸಿಕೊಂಡರೆ ರಾತ್ರಿಗೆ ಏನೂ ಉಳಿಯುವುದಿಲ್ಲ.

ನಡೆಯಲು ಕಲಿಯುವ 11, 12 ತಿಂಗಳ ಹೊತ್ತಿನಲ್ಲಿ ಕೆಲವು ಮಕ್ಕಳು ಒಂದು ವಾರ ಎರಡನೆಯ ನಿದ್ದೆಯನ್ನು ಬಿಟ್ಟು ಮತ್ತೆ ಅದಕ್ಕೇ ಮರಳುತ್ತಾರೆ. ಅಂಥ ಮಗುವಿನ ವೇಳೆಯನ್ನು ಬದಲಿಸಲು ಹೋಗಬಾರದು, ಎರಡು ವಾರವಾದರೂ ಕಾಯಬೇಕು. ನಿಮ್ಮ ಮಗನಿಗೆ 15 ತಿಂಗಳಾಗಿದೆ, ಮೂರು ವಾರವೂ ಕಳೆದಿದೆ. ನೀವು ಶುರುಮಾಡಬಹುದು.

ಆದರೆ ಅಕ್ಕ ಹೇಳಿದಂತೆ ಒಂದೇ ದಿನದಲ್ಲಿ ಬೇಡ. ನನ್ನ ಮಗಳಿಗೆ 14 ತಿಂಗಳಾಗಿದ್ದಾಗ, ನನ್ನ ಕೆಲಸದ ವೇಳೆಗೆ ಅನುಕೂಲವಾಗುತ್ತದೆಂದು ನಾನು ಅದನ್ನೇ ಮಾಡಿದೆ. ಮೂರನೆಯ ದಿನ ಅವಳಿಗೆ ಅನ್ನ ಸಾರು ಕಲಸಿ ತಿನ್ನಿಸುತ್ತಿದ್ದೆ. ಎರಡು ತುತ್ತು ನುಂಗಿದಳು, ಮೂರನೆಯದನ್ನು ಬಾಯಲ್ಲಿಟ್ಟುಕೊಂಡು ಹಾಗೇ ನನ್ನ ಮೊಣಕೈ ಮೇಲೆ ತಲೆ ಇಳಿಬಿಟ್ಟಳು. ಕೆನ್ನೆಯೊಳಗೆ ಉಳಿದಿದ್ದ ಅನ್ನವನ್ನು ಬೆರಳು ಹಾಕಿ ತೆಗೆಯುವಾಗ ನನ್ನ ಕೈ ನಡುಗುತ್ತಿತ್ತು. ತೂಕಡಿಸುವ ಮಗುವಿಗೆ ಊಟ ಮಾಡಿಸಿದರೆ ತುತ್ತು ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ ಎಂದು ಬೇರೆ ತಾಯಂದಿರಿಗೆ ಹೇಳುತ್ತಿದ್ದ ನಾನೇ ಆ ತಪ್ಪು ಮಾಡಿದ್ದೆ. ಮರುದಿನದಿಂದ ಬೆಳಗಿನ ನಿದ್ದೆಯನ್ನು ಮರಳಿ ಕೊಟ್ಟು, ಒಂದು ತಿಂಗಳು ತೆಗೆದುಕೊಂಡು ನಿಧಾನವಾಗಿ ಸರಿಸಿದೆ.

ನೀವು ಮಾಡಬೇಕಾದದ್ದೂ ಅಷ್ಟೇ. ಬೆಳಗಿನ ನಿದ್ದೆಯನ್ನು ನಿಲ್ಲಿಸಬೇಡಿ, ಅದನ್ನು ನಡುಹಗಲಿಗೆ ಸರಿಸಿ. ಮೂರು ದಿನಕ್ಕೊಮ್ಮೆ 15 ನಿಮಿಷ ಮುಂದಕ್ಕೆ ಹಾಕಿದರೆ 9.30ರ ನಿದ್ದೆ 12 ಗಂಟೆಗೆ ಬರಲು ಹತ್ತು ಹೆಜ್ಜೆ, ಅಂದರೆ 30 ದಿನ ಬೇಕು. ಯಾವುದಾದರೂ ಹೆಜ್ಜೆಯಲ್ಲಿ ಮಗು ತೀರ ಬಳಲಿದರೆ ಅಲ್ಲೇ ಐದಾರು ದಿನ ನಿಲ್ಲಿ, ಹಿಂದಕ್ಕೆ ಹೋಗಬೇಕಿಲ್ಲ.

ಇಲ್ಲಿ ನಿಮ್ಮ ಪತ್ರದ ಒಂದು ಸಂಗತಿಗೆ ನಾನು ಎಲ್ಲಕ್ಕಿಂತ ಹೆಚ್ಚು ಮಹತ್ವ ಕೊಡುತ್ತೇನೆ, ಅದು ಸ್ನಾನ. ನಮ್ಮ ಮನೆಗಳಲ್ಲಿ ಕೂಸಿಗೆ ನಿದ್ದೆ ಬರಿಸುವುದು ಗಡಿಯಾರವಲ್ಲ, ಎಣ್ಣೆ ನೀವಿದ ಮೈಗೆ ಬೀಳುವ ಹಂಡೆಯ ಬಿಸಿನೀರು. ಒಂದು ವರ್ಷದಿಂದ ಬಚ್ಚಲಿನಿಂದ ನೇರವಾಗಿ ಜೋಲಿಗೆ ಹೋಗಿ ಅಭ್ಯಾಸವಾದ ಮಗುವಿಗೆ 9 ಗಂಟೆಗೆ ಸ್ನಾನ ಮಾಡಿಸಿ 11ರ ತನಕ ಎಚ್ಚರವಾಗಿರಿಸಲು ಹೊರಟರೆ ಅದು ಮಗುವಿಗೂ ಹಿಂಸೆ, ನಿಮಗೂ ಹಿಂಸೆ. ಆದ್ದರಿಂದ ನಿದ್ದೆಯ ಜೊತೆಗೆ ಸ್ನಾನವನ್ನೂ ಅಷ್ಟಷ್ಟೇ ಮುಂದಕ್ಕೆ ಸರಿಸಿ. ಡಿಸೆಂಬರ್, ಜನವರಿಯ ನಮ್ಮ ಚಳಿಯಲ್ಲಿ ಇದು ಮಗುವಿನ ಮೈಗೂ ಒಳ್ಳೆಯದು. ಮಂಜು ಕರಗಿ ಬಿಸಿಲು ಏರಿದ ಮೇಲೆ, ಸುಮಾರು 11 ಗಂಟೆಗೆ ಸ್ನಾನ, 11.30ಕ್ಕೆ ಊಟ, 12ಕ್ಕೆ ನಿದ್ದೆ ಎಂಬಲ್ಲಿಗೆ ಬಂದು ನಿಲ್ಲಿ. ಊಟಕ್ಕಿಂತ ಮೊದಲು ಸ್ನಾನ ಮುಗಿಯಲಿ. ಊಟ ಬೇಗವಾಗುವುದರಿಂದ 9 ಗಂಟೆಯ ಸುಮಾರಿಗೆ ರಾಗಿ ಸರಿಯನ್ನೋ ಒಂದು ಇಡ್ಲಿಯನ್ನೋ ಕೊಟ್ಟರೆ ಹಸಿವಿನ ಅಳು ನಿದ್ದೆಯ ಅಳುವಿನ ಜೊತೆ ಬೆರೆಯುವುದಿಲ್ಲ.

ಹಳೆಯ ವೇಳೆಗೆ, ಅಂದರೆ 9.30ಕ್ಕೆ, ಅವನು ಕಣ್ಣುಜ್ಜುವುದು ಕೆಲವು ದಿನ ಇದ್ದೇ ಇರುತ್ತದೆ. ಆ ಅರ್ಧ ಗಂಟೆಯನ್ನು ಮನೆಯ ಹೊರಗೆ ಕಳೆಯಿರಿ. ಬೆಳಕು ಕಣ್ಣಿಗೆ ಬಿದ್ದಾಗ ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಹಾರ್ಮೋನು ತಗ್ಗುತ್ತದೆ, ಮೋಡ ಕವಿದ ದಿನವೂ ಅಂಗಳದ ಬೆಳಕು ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಾಲು ಹೆಚ್ಚಿರುತ್ತದೆ. ಟೋಪಿ, ಸ್ವೆಟರ್ ಹಾಕಿ ಜಗಲಿಗೆ ಕರೆತಂದು ಕೋಳಿ ತೋರಿಸಿ, ನಡೆದಾಡಲು ಬಿಡಿ. (ಜೂನ್ ಬಂದು ಮಳೆ ಹಿಡಿದ ಮೇಲೆ ಹಗಲೇ ಕತ್ತಲಾಗುವ ನಮ್ಮೂರುಗಳಲ್ಲಿ ಮಕ್ಕಳ ವೇಳೆ ಮತ್ತೆ ಅಡ್ಡಾದಿಡ್ಡಿಯಾಗುವುದು ಇದೇ ಬೆಳಕಿನ ಕೊರತೆಯಿಂದ. ಆಗಲೂ ಬೆಳಿಗ್ಗೆ ಒಂದಷ್ಟು ಹೊತ್ತು ಜಗಲಿ ತಪ್ಪಿಸಬೇಡಿ.) ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡುವ ಹೊತ್ತಿನಲ್ಲಿ ಮಗು ಅದರ ಹತ್ತಿರ ಇರಬಾರದು. ಒಣಹಾಕಿದ ಕಾಫಿ ಬೀಜ, ಕರಿಮೆಣಸನ್ನು ಈ ವಯಸ್ಸಿನ ಮಕ್ಕಳು ಬಾಯಿಗೂ ಮೂಗಿಗೂ ಹಾಕಿಕೊಳ್ಳುತ್ತಾರೆ, ಕಣದ ಪಕ್ಕದಲ್ಲಿ ಬಿಡುವಾಗ ಒಬ್ಬರ ಕಣ್ಣು ಅವನ ಮೇಲೇ ಇರಲಿ.

ನಡುವಿನ ಎರಡು ಮೂರು ವಾರಗಳಲ್ಲಿ, ನಿದ್ದೆ 10.30 ಅಥವಾ 11ಕ್ಕೆ ಬಂದು ನಿಂತಾಗ, ಸಂಜೆಯವರೆಗಿನ ಹೊತ್ತು ಬಹಳ ಉದ್ದವಾಗುತ್ತದೆ. ಆ ದಿನಗಳಲ್ಲಿ 3.30ರ ಸುಮಾರಿಗೆ 20 ನಿಮಿಷದ ಸಣ್ಣ ನಿದ್ದೆ ಬಂದರೆ ಬರಲಿ, 4 ಗಂಟೆಗೆ ಎಬ್ಬಿಸಿ. ಬಾರದಿದ್ದರೆ ತೂಗುತ್ತಾ ಕೂರಬೇಡಿ, ಅಂದು ರಾತ್ರಿ 7ಕ್ಕೇ ಮಲಗಿಸಿ. ಏಳು ಗಂಟೆಗೆ ಮಲಗಿದರೆ ನಡುರಾತ್ರಿ ಎದ್ದಾನು ಎಂದು ಎಲ್ಲರೂ ಹೆದರುತ್ತಾರೆ; ನಾನು ಕಂಡಂತೆ, ಬಳಲಿಕೆ ಮೀರಿ ಹತ್ತು ಗಂಟೆಗೆ ಮಲಗಿದ ಮಕ್ಕಳೇ ರಾತ್ರಿ ಹೆಚ್ಚು ಸಲ ಎದ್ದು ಅಳುತ್ತಾರೆ. ಅವನ ಅಪ್ಪ ಕಣದ ಕೆಲಸ ಮುಗಿಸಿ ಬರುವಷ್ಟರಲ್ಲಿ ಮಗು ಮಲಗಿರುತ್ತದೆ ಎಂಬ ಬೇಸರ ನಿಮ್ಮ ಮನೆಯಲ್ಲೂ ಇರಬಹುದು. ಬೆಳಿಗ್ಗೆ 6.30ರಿಂದ 7ರ ತನಕದ ಹೊತ್ತನ್ನು ಅವರಿಗೇ ಬಿಟ್ಟುಕೊಡಿ.

5 ಗಂಟೆಯ ಹೆಗಲ ನಿದ್ದೆಯನ್ನು ಮಾತ್ರ ಮನೆಮಂದಿಯೆಲ್ಲ ಸೇರಿ ತಡೆಯಬೇಕು. ಸಂಜೆ ಜೀಪಿನಲ್ಲಿ ಪೇಟೆಗೆ ಕರೆದೊಯ್ಯುವುದನ್ನೂ ಈ ಒಂದು ತಿಂಗಳು ಬಿಡಿ. ತಿರುವಿನ ರಸ್ತೆಯಲ್ಲಿ ಬರುವ ಹತ್ತು ನಿಮಿಷದ ತೂಕಡಿಕೆ ರಾತ್ರಿಯ ನಿದ್ದೆಯನ್ನು ಒಂದೆರಡು ಗಂಟೆ ದೂರ ತಳ್ಳಲು ಸಾಕು.

ಕೊಡಗಿನ ಮನೆಗಳಲ್ಲಿ ಕೇಳದೇ ಬಿಡಬಾರದ ಇನ್ನೊಂದು ಪ್ರಶ್ನೆಯಿದೆ: ಮಗುವಿಗೆ ಯಾರಾದರೂ ಕಾಫಿ ಕುಡಿಸುತ್ತಿದ್ದಾರೆಯೇ? ನಾಲ್ಕು ಗಂಟೆಗೆ ಅಜ್ಜ ಬೆಲ್ಲದ ಕಾಫಿ ಕುಡಿಯುವಾಗ ಮೊಮ್ಮಗ ತೊಡೆ ಹಿಡಿದು ನಿಲ್ಲುತ್ತಾನೆ, ತಣಿಸಿದ ಎರಡು ಚಮಚ ಅವನ ಬಾಯಿಗೂ ಹೋಗುತ್ತದೆ. ಪ್ರೀತಿಯಿಂದಲೇ ಕೊಡುವುದು. ಆದರೆ ಮೊದಲು ಹೇಳಿದ ಅಡೆನೊಸಿನ್ ಮಿದುಳಿನಲ್ಲಿ ಕೆಲಸ ಮಾಡುವ ಜಾಗವನ್ನೇ ಕೆಫೀನ್ ಆಕ್ರಮಿಸಿಕೊಂಡು, ಬಂದ ನಿದ್ದೆ ತಿಳಿಯದಂತೆ ಮಾಡುತ್ತದೆ, ಹತ್ತು ಕಿಲೋ ತೂಕದ ದೇಹಕ್ಕೆ ಆ ಎರಡು ಚಮಚ ನಮಗೆ ತೋರುವಷ್ಟು ಸಣ್ಣದಲ್ಲ. ಕಾಫಿ, ಟೀ ಎರಡೂ ಬೇಡ. ಅಜ್ಜನ ಪಕ್ಕದಲ್ಲಿ ಅವನದೇ ಪುಟ್ಟ ಲೋಟದಲ್ಲಿ ಹಾಲಿರಲಿ. ನಿದ್ದೆ ಬರಲೆಂದು ಶೀತದ ಸಿರಪ್ ಕುಡಿಸುವುದನ್ನಂತೂ ಎಂದಿಗೂ ಮಾಡಬೇಡಿ.

ಜೋಲಿಯ ವಿಷಯ. ಎದ್ದು ಕೂರುವ ಮಗುವಿಗೆ ಸೀರೆಯ ಜೋಲಿ ಈಗ ಸುರಕ್ಷಿತವಲ್ಲ. ತೊಲೆಯಿಂದ ಇಳಿಬಿಟ್ಟ ಬಟ್ಟೆಯೊಳಗೆ ನಿಲ್ಲಲು ಹೋಗಿ ಮಗುಚಿ ಬೀಳಬಹುದು, ಬಟ್ಟೆ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ನೆಲದ ಮೇಲೆ ಗಟ್ಟಿ ಹಾಸಿಗೆ ಹಾಸಿ ರೂಢಿ ಮಾಡಿಸಿ. ತೂಗುವುದರ ಬದಲು ಪಕ್ಕದಲ್ಲಿ ಕೂತು ಬೆನ್ನು ತಟ್ಟಿ. ಮೊದಲ ವಾರ ಅಳುತ್ತಾನೆ, ಪಕ್ಕದಲ್ಲೇ ಇರಿ. ತೂಗದೆ ಮಲಗಲು ಕಲಿತ ಮಗು ನಡುವೆ ಒಂದರೆ ಕ್ಷಣ ಎಚ್ಚರವಾದರೂ ಮತ್ತೆ ತಾನೇ ನಿದ್ದೆಗೆ ಜಾರುವುದರಿಂದ, 40 ನಿಮಿಷಕ್ಕೆ ಮುರಿಯುತ್ತಿದ್ದ ಹಗಲು ನಿದ್ದೆ ಎರಡು ಗಂಟೆಯವರೆಗೂ ಬೆಳೆಯುತ್ತದೆ.

ಜ್ವರ ಬಂದಾಗ, 16ರಿಂದ 24 ತಿಂಗಳ ನಡುವೆ ಹಾಕಿಸಬೇಕಾದ ಡಿಪಿಟಿ ಬೂಸ್ಟರ್ ಮತ್ತು ಎಂಆರ್ (ದಡಾರ, ರುಬೆಲ್ಲಾ) ಎರಡನೆಯ ಚುಚ್ಚುಮದ್ದಿನ ದಿನಗಳಲ್ಲಿ, ಎಷ್ಟು ಸಲ ಬೇಕಾದರೂ ಮಲಗಲಿ. ನಮ್ಮ ಸುಗ್ಗಿ ಹಬ್ಬ ಹುತ್ತರಿಯಲ್ಲಿ ಕದಿರು ತೆಗೆಯುವ ರಾತ್ರಿ 11ರ ತನಕ ಎದ್ದಿದ್ದರೂ ಒಂದು ರಾತ್ರಿಯಿಂದ ಏನೂ ಕೆಡುವುದಿಲ್ಲ, ಮರುದಿನ ಎರಡು ಸಲ ಮಲಗಿಸಿ, ಮೂರನೆಯ ದಿನ ಮರಳಿ ದಾರಿಗೆ ತನ್ನಿ. ಆದರೆ ಮಗು ನಿತ್ಯ ಗೊರಕೆ ಹೊಡೆಯುತ್ತಿದ್ದರೆ, ನಿದ್ದೆಯಲ್ಲಿ ಉಸಿರು ತಡೆದಂತೆ ಕಂಡರೆ, ರಾತ್ರಿ ಚೆನ್ನಾಗಿ ಮಲಗಿಯೂ ಹಗಲೆಲ್ಲ ಮಂಕಾಗಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ರಾತ್ರಿ ಹೊರಳಾಡುವ, ಬಿಳಿಚಿಕೊಂಡ, ಮಣ್ಣು ತಿನ್ನುವ ಮಗುವಿಗೆ ಕಬ್ಬಿಣಾಂಶದ ಕೊರತೆ ಇರಬಹುದು. 6 ತಿಂಗಳಿಂದ 5 ವರ್ಷದವರೆಗಿನ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿಲಿ ಕೊಡುವ ಕಬ್ಬಿಣಾಂಶದ ಸಿರಪ್ ಸರ್ಕಾರದಿಂದಲೇ ಉಚಿತವಾಗಿ ಸಿಗುತ್ತದೆ. ಅವನಿಗೆ ಕೊಡುತ್ತಿದ್ದೀರಾ ಎಂದು ಆಶಾ ಕಾರ್ಯಕರ್ತೆಯೊಂದಿಗೆ ಒಮ್ಮೆ ಮಾತಾಡಿ.

ಈ ತಿಂಗಳು ಮುಗಿಯುವ ಹೊತ್ತಿಗೆ ಮಧ್ಯಾಹ್ನ 12ರಿಂದ 2 ಮತ್ತು ರಾತ್ರಿ 7.30ರಿಂದ ಬೆಳಿಗ್ಗೆ 6.30 ಎಂಬಲ್ಲಿಗೆ ಬಂದರೆ ಒಟ್ಟು 13 ಗಂಟೆಯಾಯಿತು. ಕೆಲಸದವರು ಊಟಕ್ಕೆ ಕೂರುವ ಹೊತ್ತೂ ಅದೇ ಆದ್ದರಿಂದ ಅವನ ಪಕ್ಕದಲ್ಲಿ ನೀವೂ ಅರ್ಧ ಗಂಟೆ ಅಡ್ಡಾಗಬಹುದು.

ಪ್ರಶ್ನೆ: ನನ್ನ ಮಗಳಿಗೆ ಮೂರೂವರೆ ವರ್ಷ. ಎಲ್‌ಕೆಜಿಗೆ ಹೋಗುತ್ತಾಳೆ. ಶಾಲೆಯಿಂದ ಬಂದು 3 ಗಂಟೆಗೆ ಮಲಗಿದರೆ 5ಕ್ಕೆ ಏಳುತ್ತಾಳೆ, ರಾತ್ರಿ 11 ಆಗುತ್ತದೆ. ಹಗಲಿನ ನಿದ್ದೆಯನ್ನು ಪೂರ್ತಿ ಬಿಡಿಸಬಹುದೇ?
— ವಿರಾಜಪೇಟೆಯ ಒಬ್ಬ ತಂದೆ

ಉತ್ತರ: ಬಿಡಿಸಬಹುದು, ಆದರೆ ದಿನ ಬಿಟ್ಟು ದಿನ ಶುರುಮಾಡಿ. ಮೂರರಿಂದ ಐದು ವರ್ಷದೊಳಗೆ ಹೆಚ್ಚಿನ ಮಕ್ಕಳು ಹಗಲು ನಿದ್ದೆಯನ್ನು ತಾವೇ ಬಿಡುತ್ತಾರೆ. ಈ ವಯಸ್ಸಿಗೆ ಒಟ್ಟು 10ರಿಂದ 13 ಗಂಟೆ ನಿದ್ದೆ ಸಾಕು. ನಿದ್ದೆ ತಡೆಯಲಾಗದ ದಿನ ಶಾಲೆಯಿಂದ ಬಂದ ಕೂಡಲೇ ಮಲಗಿಸಿ 45 ನಿಮಿಷಕ್ಕೆ ಎಬ್ಬಿಸಿ. ಮಲಗದ ದಿನ ಆ ಹೊತ್ತಿನಲ್ಲಿ ಟಿವಿ, ಮೊಬೈಲ್ ಇಲ್ಲದೆ, ಚಾಪೆಯ ಮೇಲೆ ಚಿತ್ರದ ಪುಸ್ತಕವನ್ನೋ ಗೊಂಬೆಯನ್ನೋ ಕೊಟ್ಟು ಅರ್ಧ ಗಂಟೆ ಸುಮ್ಮನೆ ಬಿಡಿ. ಮೈಗೂ ಮನಸ್ಸಿಗೂ ಅಷ್ಟು ವಿಶ್ರಾಂತಿ ಇನ್ನೂ ಬೇಕು. ಆ ದಿನ ಸಂಜೆ 6.30ಕ್ಕೇ ಊಟ ಬಡಿಸಿ, 7.30ಕ್ಕೆ ದೀಪ ಆರಿಸಿ.