ಲೆನ್ಸನ್ನು ರಿಪೇರಿಗೆ ಕಳಿಸುವ ಮುನ್ನ ಫಿಲ್ಟರ್ ಬಿಚ್ಚಿ ನೋಡಿ

ರಾತ್ರಿಯ ಸೇತುವೆಯ ಚಿತ್ರ ಹಾಕಿ, ದೀಪಗಳ ನಡುವೆ ಹಸಿರು ಚುಕ್ಕೆಗಳು ಬಂದಿವೆ, ಲೆನ್ಸಿನೊಳಗೆ ಏನೋ ಕೆಟ್ಟಿರಬೇಕು, ರಿಪೇರಿಗೆ ಕಳಿಸುತ್ತಿದ್ದೇನೆ ಎಂದು ಬರೆದಿದ್ದೀರಿ. ದಯವಿಟ್ಟು ಕಳಿಸಬೇಡಿ. ಚಿತ್ರದ ನಟ್ಟನಡುವೆ ಒಂದು ಬಿಂದುವನ್ನು ಗುರುತಿಸಿಕೊಂಡು, ಯಾವುದಾದರೂ ಒಂದು ದೀಪದಿಂದ ಆ ಬಿಂದುವಿನ ಮೂಲಕ ಗೆರೆ ಎಳೆಯಿರಿ. ದೀಪ ನಡುಬಿಂದುವಿನಿಂದ ಎಷ್ಟು ದೂರದಲ್ಲಿದೆಯೋ ಎದುರು ಬದಿಯಲ್ಲಿ ಅಷ್ಟೇ ದೂರದಲ್ಲಿ ಅದರ ಹಸಿರು ಪ್ರತಿಬಿಂಬ ತಲೆಕೆಳಗಾಗಿ ಕುಳಿತಿರುತ್ತದೆ. ಎಡ ತುದಿಯ ಮೂರು ದೀಪಗಳಿಗೆ ನಾನೇ ಹೀಗೆ ಗೆರೆ ಎಳೆದು ನೋಡಿದೆ, ಮೂರೂ ಹೊಂದಿದವು. ಇದು ಲೆನ್ಸಿನ ಮುಂದೆ ತಿರುಗಿಸಿ ಕೂರಿಸಿರುವ, ಯುವಿ (ನೇರಳಾತೀತ) ಫಿಲ್ಟರ್ ಎಂಬ ಚಪ್ಪಟೆ ಗಾಜಿನ ಕೆಲಸ. ಕ್ಯಾಮೆರಾದೊಳಗೆ ಚಿತ್ರವನ್ನು ಹಿಡಿಯುವ ಸೆನ್ಸರಿನ ಮೇಲೆ ಬಿದ್ದ ಬೆಳಕಿನಲ್ಲಿ ಸ್ವಲ್ಪ ಭಾಗ ಹಿಂದಕ್ಕೆ ಪುಟಿದು, ಲೆನ್ಸನ್ನು ದಾಟಿ ಮುಂದೆ ಹೋಗಿ, ಆ ಫಿಲ್ಟರಿಗೆ ಬಡಿದು ಮತ್ತೆ ಸೆನ್ಸರಿಗೇ ಮರಳುತ್ತದೆ. ಮೇಲಿನ ಉತ್ತರಗಳಲ್ಲಿ ಇಬ್ಬರು, ಲೆನ್ಸಿನೊಳಗೆ ಫಂಗಸ್ (ಬೂಸ್ಟು) ಬೆಳೆದಿದೆ ಎಂದು ತೀರ್ಪು ಕೊಟ್ಟಿರುವುದು ಚಿತ್ರವನ್ನು ಸರಿಯಾಗಿ ನೋಡದೆ ಕೊಟ್ಟ ತೀರ್ಪು. ಫಂಗಸ್ ಹಬ್ಬಿದರೆ ಚಿತ್ರ ಮಬ್ಬಾಗುತ್ತದೆ, ಕಾಂಟ್ರಾಸ್ಟ್ ಇಳಿಯುತ್ತದೆ. ದೀಪಕ್ಕೊಂದು ಜೋಡಿ ಹುಟ್ಟುವುದಿಲ್ಲ.

ಇಷ್ಟು ಖಚಿತವಾಗಿ ಹೇಳುತ್ತಿರುವುದಕ್ಕೆ ಕಾರಣ, ಇದೇ ತಪ್ಪನ್ನು ನಾನು ನಿಮಗಿಂತ ಅಚ್ಚುಕಟ್ಟಾಗಿ ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ ಸಂಪೂರ್ಣ ಚಂದ್ರಗ್ರಹಣವನ್ನು ಆರಂಭದಿಂದ ಕೊನೆಯವರೆಗೆ 300 ಎಂ.ಎಂ. ಲೆನ್ಸಿನಲ್ಲಿ ಹಿಡಿಯಲು ಕುಳಿತಿದ್ದೆ. ನೆರಳು ಕವಿದ ಭಾಗದ ಕೆಂಪು ಕಾಣಲೆಂದು ಎಕ್ಸ್‌ಪೋಜರ್ ಹೆಚ್ಚಿಸಿದ್ದೆ. ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದರೆ, ಗ್ರಹಣ ಪೂರ್ಣವಾಗುವ ಮೊದಲಿನ ಒಂದೊಂದು ಚಿತ್ರದಲ್ಲಿಯೂ ಇನ್ನೊಂದು ಮಸುಕು ಚಂದ್ರ. ಒಳಗಿನ ಗಾಜು ಜಾಗ ಬಿಟ್ಟು ಸರಿದಿದೆ ಎಂದು ನಾನೇ ನಿರ್ಧರಿಸಿ, ಲೆನ್ಸನ್ನು ರಿಪೇರಿಗೆ ಕಳಿಸಿದೆ. ಕಳಿಸುವಾಗ ಯುವಿ ಫಿಲ್ಟರ್ ಕಳೆದುಹೋಗಬಾರದೆಂದು ಜೋಪಾನವಾಗಿ ಬಿಚ್ಚಿ ಮನೆಯಲ್ಲಿಟ್ಟುಕೊಂಡೆ! ಮೂರು ವಾರಗಳ ನಂತರ, ಯಾವ ದೋಷವೂ ಇಲ್ಲ ಎಂಬ ಚೀಟಿಯೊಂದಿಗೆ, ತಪಾಸಣೆಯ ಶುಲ್ಕವನ್ನೂ ವಸೂಲು ಮಾಡಿಕೊಂಡು, ಲೆನ್ಸ್ ಹಿಂದಿರುಗಿತು. ಅವರನ್ನು ಬೈದುಕೊಳ್ಳುತ್ತಲೇ ಫಿಲ್ಟರನ್ನು ಮತ್ತೆ ತಿರುಗಿಸಿ ಕೂರಿಸಿದೆ; ಮುಂದಿನ ಹುಣ್ಣಿಮೆಗೆ ಮಸುಕು ಚಂದ್ರ ಮತ್ತೆ ಹಾಜರಾಯಿತು. ಕೊನೆಗೆ ಬುದ್ಧಿ ಬಂದದ್ದು ಚಿತ್ರಗಳನ್ನು ಸಾಲಾಗಿ ಓಡಿಸಿ ನೋಡಿದಾಗ: ನಿಜವಾದ ಚಂದ್ರ ಬಲಕ್ಕೆ ಸರಿದಂತೆ ಮಸುಕು ಚಂದ್ರ ಎಡಕ್ಕೆ ಸರಿಯುತ್ತಿತ್ತು, ಚೌಕಟ್ಟಿನ ನಡುವೆ ಎರಡೂ ಒಂದಾಗುತ್ತಿದ್ದವು. ಆ ಗ್ರಹಣದ ಚಿತ್ರಗಳಲ್ಲಿ ಉಳಿಸಿಕೊಳ್ಳಲು ಯೋಗ್ಯವಾದವು ಪೂರ್ಣ ಗ್ರಹಣದ ಹೊತ್ತಿನ ನಾಲ್ಕು ಮಾತ್ರ.

ಫಿಲ್ಮ್ ಕಾಲದಲ್ಲಿ ಯುವಿ ಫಿಲ್ಟರಿಗೆ ಒಂದು ಅರ್ಥವಿತ್ತು, ಏಕೆಂದರೆ ಫಿಲ್ಮು ನೇರಳಾತೀತ ಕಿರಣಗಳನ್ನು ಗ್ರಹಿಸಿ ದೂರದ ಬೆಟ್ಟಗಳ ಮೇಲೆ ಮಂಜಿನಂಥ ಪೊರೆಯನ್ನು ತೋರಿಸುತ್ತಿತ್ತು. ಡಿಜಿಟಲ್ ಸೆನ್ಸರಿನ ಮುಂದೆ ಆ ಕಿರಣಗಳನ್ನು ತಡೆಯುವ ಗಾಜನ್ನು ತಯಾರಕರೇ ಕೂರಿಸಿರುತ್ತಾರೆ. ಆದ್ದರಿಂದ ಇಂದು ನೀವು ಕೊಳ್ಳುತ್ತಿರುವುದು ಕೇವಲ ಒಂದು ಕಾಪುಗಾಜು. ಕೋಟಿಂಗ್, ಅಂದರೆ ಪ್ರತಿಫಲನ ತಗ್ಗಿಸುವ ಲೇಪನ, ಇಲ್ಲದ ಗಾಜು ಒಂದೊಂದು ಮೈಯಲ್ಲೂ ಸುಮಾರು 4 ಶೇಕಡ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಎರಡು ಮೈ ಸೇರಿದರೆ ಸುಮಾರು 8. ಒಳ್ಳೆಯ ಮಲ್ಟಿಕೋಟಿಂಗ್ (ಹಲವು ಪದರಗಳ ಲೇಪನ) ಇದ್ದರೆ ಅದು ಮೈಯೊಂದಕ್ಕೆ ಅರ್ಧ ಶೇಕಡಕ್ಕಿಂತ ಕೆಳಗಿಳಿಯುತ್ತದೆ. ದುಬಾರಿ ಲೆನ್ಸಿನ ಮುಂದೆ, ಕೊಳ್ಳುವಾಗ ಉಚಿತವಾಗಿ ಬಂದ ಫಿಲ್ಟರನ್ನು ಹಾಕುವುದೆಂದರೆ ಕಣ್ಣಿನ ಪೊರೆಯನ್ನು ನಾವೇ ಅಂಟಿಸಿಕೊಂಡಂತೆ.

ಕೊಳ್ಳುವ ಮುನ್ನ ನಾನು ಮಾಡುವ ಪರೀಕ್ಷೆ ಒಂದೇ, ಮತ್ತು ಡಬ್ಬಿಯ ಮೇಲಿನ ಬರಹಕ್ಕಿಂತ ಅದನ್ನೇ ನಂಬುತ್ತೇನೆ. ಫಿಲ್ಟರನ್ನು ಕಪ್ಪು ಬಟ್ಟೆಯ ಮೇಲಿಟ್ಟು, ಮೇಲಿರುವ ಟ್ಯೂಬ್‌ಲೈಟಿನ ಬಿಂಬ ಗಾಜಿನಲ್ಲಿ ಕಾಣುವಂತೆ ಓರೆ ಮಾಡಿ. ಬಿಂಬ ಬೆಳ್ಳಗೆ ಢಾಳಾಗಿ ಕಂಡರೆ ಅಲ್ಲಿಯೇ ಹಿಂದಿರುಗಿಸಿ. ಕಡುಹಸಿರು ಅಥವಾ ನೇರಳೆ ಬಣ್ಣದಲ್ಲಿ, ಕಂಡೂ ಕಾಣದಂತಿದ್ದರೆ ಕೋಟಿಂಗ್ ಚೆನ್ನಾಗಿದೆ. ಸೂಕ್ಷ್ಮವಾಗಿ ನೋಡಿದರೆ ಎರಡು ಮೈಗಳಿಗೂ ಒಂದೊಂದು ಬಿಂಬ ಇರುತ್ತದೆ. ಒಂದು ಬಣ್ಣದ್ದು, ಇನ್ನೊಂದು ಬಿಳಿಯದು ಎಂದರೆ ಒಂದೇ ಬದಿಗೆ ಕೋಟಿಂಗ್ ಹಾಕಿ ಕೈತೊಳೆದುಕೊಂಡಿದ್ದಾರೆ ಎಂದರ್ಥ. ಆದರೆ ಈ ಪರೀಕ್ಷೆ ಗಾಜು ಸಮತಟ್ಟಾಗಿದೆಯೇ ಎಂಬುದನ್ನು ಹೇಳುವುದಿಲ್ಲ, ಮತ್ತು ದೂರದ್ದನ್ನು ಹತ್ತಿರ ತೋರಿಸುವ ಉದ್ದದ ಟೆಲಿ ಲೆನ್ಸುಗಳಲ್ಲಿ ಆ ದೋಷವೇ ಚಿತ್ರದ ಮೊನಚನ್ನು ಕೊಲ್ಲುತ್ತದೆ. ಅದಕ್ಕೆ ಟ್ರೈಪಾಡ್ ಮೇಲೆ ಫಿಲ್ಟರ್ ಸಹಿತ ಒಂದು, ರಹಿತ ಒಂದು ಚಿತ್ರ ತೆಗೆದು ಹೋಲಿಸುವುದೇ ದಾರಿ. ಒಳ್ಳೆಯ ಗಾಜು ಹಾಕಿದರೂ ರಾತ್ರಿಯ ದೀಪಗಳೆದುರು, ಸೂರ್ಯನೆದುರು ಪ್ರತಿಬಿಂಬ ಪೂರ್ತಿ ಹೋಗುವುದಿಲ್ಲ. ಅಂಥ ಹೊತ್ತಿನಲ್ಲಿ ನಾನು ಎಷ್ಟೇ ದುಬಾರಿಯದನ್ನಾದರೂ ಬಿಚ್ಚಿ ಚೀಲಕ್ಕೆ ಹಾಕುತ್ತೇನೆ.

ಬ್ರ್ಯಾಂಡ್ ಕೇಳಿದವರಿಗೆ: ಬಿ ಪ್ಲಸ್ ಡಬ್ಲ್ಯೂ ಫಿಲ್ಟರುಗಳ ಹಿತ್ತಾಳೆ ಬಳೆ ನನಗೆ ಇಷ್ಟ, ಏಕೆಂದರೆ ಅದು ಅಲ್ಯೂಮಿನಿಯಂ ಬಳೆಯಷ್ಟು ಸುಲಭವಾಗಿ ಲೆನ್ಸಿನ ತಿರುಪಿನ ಸುತ್ತುಗಳಿಗೆ ಕಚ್ಚಿಕೊಳ್ಳುವುದಿಲ್ಲ. ಹೋಯಾದ ಎಚ್‌ಡಿ ಸರಣಿಯ ಗಾಜು ಒರೆಸಲು ಸುಲಭ. ಆದರೆ ಒಂದೇ ಕಂಪನಿಯ ಅಗ್ಗದ ಸರಣಿಗೂ ಮೇಲಿನ ಸರಣಿಗೂ ಅಜಗಜಾಂತರವಿರುವುದರಿಂದ ಹೆಸರನ್ನಷ್ಟೇ ನೋಡಿ ಕೊಳ್ಳಬೇಡಿ.

ಹಾಗಾದರೆ ಲೆನ್ಸಿಗೆ ರಕ್ಷಣೆ ಬೇಡವೇ ಎಂದು ಕೇಳುತ್ತೀರಿ. ಬೇಕು, ಆದರೆ ಮೊದಲು ಹುಡ್ (ಲೆನ್ಸಿನ ಮುಂದೆ ಚಾಚಿಕೊಳ್ಳುವ ಕೊಳವೆಯಂಥ ಮರೆ) ಹಾಕಿ. ಹುಡ್ ಪೆಟ್ಟನ್ನೂ ತಡೆಯುತ್ತದೆ, ಅಡ್ಡಬೆಳಕನ್ನೂ ತಡೆಯುತ್ತದೆ. ಅದನ್ನು ತಿರುವುಮುರುವಾಗಿ ಹಾಕಿಕೊಂಡು ತಿರುಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಫಿಲ್ಟರಿನ ತೆಳು ಗಾಜು ಲೆನ್ಸಿನ ದಪ್ಪ ಮುಂಗಾಜಿಗಿಂತ ಬೇಗ ಒಡೆಯುತ್ತದೆ, ಒಡೆದ ಚೂರುಗಳು ಒಳಗಿನ ಗಾಜನ್ನು ಗೀರಿದ ಉದಾಹರಣೆಗಳೂ ಇವೆ. ಕಡಲ ತೀರದ ಉಪ್ಪುಹನಿ, ಗಾಳಿಗೆ ಹಾರುವ ಮರಳು, ಎರಚುವ ಕೆಸರು ಇರುವೆಡೆ ಮಾತ್ರ ಕಾಪುಗಾಜನ್ನು ಮರೆಯದೆ ಹಾಕಿ. ಕ್ಯಾನನ್ 17-40 ಎಫ್4 ಎಲ್‌ನಂಥ ಕೆಲವು ಲೆನ್ಸುಗಳಲ್ಲಿ ಮುಂದೊಂದು ಫಿಲ್ಟರ್ ಇದ್ದರಷ್ಟೇ ನೀರು-ದೂಳಿನ ತಡೆ ಪೂರ್ಣವಾಗುತ್ತದೆ. ಅದು ಬೇರೆಯ ಮಾತು.

ನಿಮ್ಮ ಇನ್ನೊಂದು ಚಿತ್ರದಲ್ಲಿ ಆಕಾಶದ ನಡುವೆ ಕಡುನೀಲಿ ಪಟ್ಟೆ ಬಂದಿರುವುದಕ್ಕೆ ಯಾರೂ ಉತ್ತರಿಸಿಲ್ಲ. ಅದು ಹೊಳಪು ತಗ್ಗಿಸಿ ಆಕಾಶದ ನೀಲಿಯನ್ನು ಗಾಢವಾಗಿಸುವ ಪೋಲರೈಜರ್ ಫಿಲ್ಟರಿನ ತಪ್ಪಲ್ಲ, ಅಗಲ ನೋಟದ ವೈಡ್ ಲೆನ್ಸಿಗೆ ಅದನ್ನು ಹಾಕಿದವರ ತಪ್ಪು. ಸೂರ್ಯನಿಂದ 90 ಡಿಗ್ರಿ ದೂರದ ಆಕಾಶದಲ್ಲಿ ಅದರ ಪರಿಣಾಮ ಅತಿ ಹೆಚ್ಚು, ಸೂರ್ಯನ ಕಡೆಗೂ ಅದರ ಎದುರು ದಿಕ್ಕಿಗೂ ಬಹುತೇಕ ಶೂನ್ಯ, 24 ಎಂ.ಎಂ.ಗಿಂತ ಅಗಲವಾದ ಲೆನ್ಸಿನಲ್ಲಿ ಈ ಏರಿಳಿತವೆಲ್ಲ ಒಂದೇ ಚೌಕಟ್ಟಿಗೆ ಬಂದುಬಿಡುತ್ತದೆ. ಪನೋರಮಾ ತೆಗೆಯುವಾಗಲೂ ಇದೇ ಕಾಟ. ನಾನು ಪೋಲರೈಜರನ್ನು ಆಕಾಶಕ್ಕಿಂತ ಒದ್ದೆ ಎಲೆಗಳಿಗೆ, ಬಂಡೆಗಳಿಗೆ, ತಿಳಿನೀರಿನ ತಳ ಕಾಣಿಸಲು ಹೆಚ್ಚು ಬಳಸುತ್ತೇನೆ. ನೀರಿನ ಮೈಯ ಲಂಬದಿಂದ ಸುಮಾರು 53 ಡಿಗ್ರಿ ಕೋನದಲ್ಲಿ ನೋಡಿದಾಗ ಮೇಲ್ಮೈಯ ಹೊಳಪು ಬಹುತೇಕ ಅಳಿಸಿಹೋಗುತ್ತದೆ. ಹೊಳೆಯುವ ಬರಿಯ ಲೋಹದ ಮೇಲೆ ಮಾತ್ರ ಅದರ ಆಟ ನಡೆಯುವುದಿಲ್ಲ. ಒಂದರಿಂದ ಎರಡು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ) ಬೆಳಕನ್ನು ಪೋಲರೈಜರ್ ನುಂಗುವುದರಿಂದ, ಕೆಲಸ ಮುಗಿದ ಮೇಲೆ ಬಿಚ್ಚಿಬಿಡಿ. ಯುವಿ ಫಿಲ್ಟರಿನ ಮೇಲೆಯೇ ಅದನ್ನು ಏರಿಸುವ ಅಭ್ಯಾಸವನ್ನಂತೂ ಇಂದೇ ನಿಲ್ಲಿಸಿ. ಪ್ರತಿಬಿಂಬ ಹೆಚ್ಚುತ್ತದೆ, ವೈಡ್ ಲೆನ್ಸಿನಲ್ಲಿ ಮೂಲೆಗಳು ಕಪ್ಪಾಗುತ್ತವೆ, ಬಿಚ್ಚುವಾಗ ಎರಡೂ ಅಂಟಿಕೊಂಡು ಬರುತ್ತವೆ.

ಬಣ್ಣ ಬದಲಿಸದೆ ಬೆಳಕನ್ನಷ್ಟೇ ತಗ್ಗಿಸುವ ಎನ್‌ಡಿ ಫಿಲ್ಟರ್ ಕೊಳ್ಳುವ ಯೋಚನೆಯಿದೆ ಎಂದೂ ಬರೆದಿದ್ದೀರಿ. 10 ಸ್ಟಾಪಿನದು 1/60 ಸೆಕೆಂಡಿನ ಶಟರ್ ಅವಧಿಯನ್ನು ಸುಮಾರು 17 ಸೆಕೆಂಡಿಗೆ ಎಳೆಯುತ್ತದೆ. ಫೋಕಸ್ ಮಾಡಿ, ಮ್ಯಾನ್ಯುಯಲ್‌ಗೆ ಬದಲಿಸಿ, ಆಮೇಲೆ ಹಾಕಿ. ಎಸ್‌ಎಲ್‌ಆರ್ ಆದರೆ ವ್ಯೂಫೈಂಡರನ್ನು ಮುಚ್ಚಿ, ಇಲ್ಲದಿದ್ದರೆ ಹಿಂದಿನಿಂದ ಬೆಳಕು ನುಸುಳುತ್ತದೆ. ತಿರುಗಿಸಿ ಗಾಢತೆ ಬದಲಿಸುವ ವೇರಿಯಬಲ್ ಎನ್‌ಡಿಯನ್ನು ವೈಡ್ ಲೆನ್ಸಿನಲ್ಲಿ ಕೊನೆಯ ಗುರುತಿನವರೆಗೆ ಒಯ್ದರೆ ಚಿತ್ರದ ಮೇಲೆ ಕಪ್ಪು ಗುಣಾಕಾರ ಚಿಹ್ನೆ ಮೂಡುತ್ತದೆ. ಎನ್‌ಡಿ ಎಷ್ಟೇ ಕಪ್ಪಾಗಿರಲಿ, ಅದನ್ನು ನಂಬಿ ವ್ಯೂಫೈಂಡರಿನಲ್ಲಿ ಸೂರ್ಯನನ್ನು ನೋಡಬೇಡಿ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು ಅದರ ಮೂಲಕ ಹಾದುಬರಬಹುದು, ಸೂರ್ಯನಿಗೆಂದೇ ಮಾಡಿದ ಸೋಲಾರ್ ಫಿಲ್ಟರ್ ಬೇರೆಯೇ ಇದೆ. ಲೆನ್ಸುಗಳ ಅಳತೆ ಬೇರೆಬೇರೆಯಿದ್ದರೆ ಅತಿ ದೊಡ್ಡದಕ್ಕೆ, ಉದಾಹರಣೆಗೆ 77 ಎಂ.ಎಂ.ಗೆ, ಒಂದೇ ಫಿಲ್ಟರ್ ಕೊಂಡು ಉಳಿದವಕ್ಕೆ ಸ್ಟೆಪ್-ಅಪ್ ರಿಂಗ್ (ಚಿಕ್ಕ ಲೆನ್ಸಿಗೆ ದೊಡ್ಡ ಫಿಲ್ಟರನ್ನು ಹೊಂದಿಸುವ ಬಳೆ) ಹಾಕಿಕೊಳ್ಳಿ. ಆಗ ಚಿಕ್ಕ ಲೆನ್ಸಿನ ಹುಡ್ ಸಾಮಾನ್ಯವಾಗಿ ಕೂರುವುದಿಲ್ಲ ಎಂಬುದೊಂದೇ ತೊಂದರೆ.

ಈಗ ನಿಮ್ಮ ಫಿಲ್ಟರ್ ಬಿಚ್ಚಲು ಬರುತ್ತಿಲ್ಲ ಎಂದು ಕೊನೆಯ ಸಾಲಿನಲ್ಲಿ ಬರೆದಿದ್ದೀರಿ. ಬಲವಾಗಿ ಹಿಸುಕಬೇಡಿ, ಹಿಸುಕಿದಷ್ಟೂ ಬಳೆ ಮೊಟ್ಟೆಯಾಕಾರಕ್ಕೆ ತಿರುಗಿ ಇನ್ನೂ ಕಚ್ಚಿಕೊಳ್ಳುತ್ತದೆ. ಬಳೆಯ ಸುತ್ತ ಅಗಲವಾದ ರಬ್ಬರ್ ಬ್ಯಾಂಡ್ ಹಾಕಿ, ಬೆರಳುಗಳನ್ನೆಲ್ಲ ಸುತ್ತಲೂ ಸಮನಾಗಿ ಇಟ್ಟು, ಹಗುರವಾಗಿ ತಿರುಗಿಸಿ. ಬಂದ ಮೇಲೆ ಲೆನ್ಸಿನ ಗಾಜನ್ನು ಮೊದಲು ಬ್ಲೋವರಿನಿಂದ ಊದಿ, ನಂತರವಷ್ಟೇ ಬಟ್ಟೆ ಮುಟ್ಟಿಸಿ. ಅದೇ ಸೇತುವೆಯನ್ನು ಅದೇ ಜಾಗದಿಂದ ಫಿಲ್ಟರ್ ಇಲ್ಲದೆ ಒಮ್ಮೆ ತೆಗೆದು ಇಲ್ಲಿ ಹಾಕಿ. ಹಸಿರು ಚುಕ್ಕೆ ಒಂದಾದರೂ ಉಳಿದಿದ್ದರೆ ರಿಪೇರಿಯ ಮಾತನ್ನು ಆಗ ಆಡೋಣ.